ನಡುವಿನ ಬಾಣ

ಹೆಂಡತಿಯ ಮಾತು ಕೇಳಿಸಿಕೊಳ್ಳದೆಯೇ ‘ಹೂಂ’ ಅನ್ನುವುದು ಬನಹಟ್ಟಿಯ ನಿವೃತ್ತ ಬ್ಯಾಂಕ್ ಗುಮಾಸ್ತ ಗುರುರಾಜರು ಮದುವೆಯಾದಾಗಿನಿಂದ ಸಂಪಾದಿಸಿಕೊಂಡಿದ್ದ ಏಕೈಕ ಸುಖ. ಆ ಸುಖಕ್ಕೆ ಕುತ್ತು ಬಂದದ್ದು ಒಂದು ಭಾನುವಾರ. ಹೆಂಡತಿಯ ತಮ್ಮನ ಮಗಳು ಹರ್ಷದಾಳನ್ನು ಬಸ್ ಸ್ಟ್ಯಾಂಡಿನಿಂದ ಕರೆತರಲು ‘ಹೂಂ’ ಅಂದವರು ಪೇಪರ್ ಓದುತ್ತ ಮನೆಯಲ್ಲೇ ಕೂತಿದ್ದರು. ಹುಡುಗಿ ಕಾದು ಕಾದು, ಪೆಟ್ಟಿಗೆ ಹೊತ್ತು, ಬೆವರಿಳಿಸುತ್ತ ಬಂದಳು.

“ನಿನ್ನ ಮಾಮಾಗ ಲಕ್ಷ್ಯನ ಇಲ್ಲವಾ. ಹೇಳಿದ್ದು ಯಾವುದೂ ತಲಿಯೊಳಗ ಇಳಿಯೂದಿಲ್ಲ,” ಎಂದು ಹೆಂಡತಿ ವತ್ಸಲಾಬಾಯಿ ಅಲವತ್ತುಕೊಂಡರು.

“ನಾ ಕಾಲೇಜಿನಾಗ ಅದನ್ನ ಅಭ್ಯಾಸ ಮಾಡ್ಲಿಕ್ಕತ್ತೀನಿ ಅತ್ಯಾ,” ಹರ್ಷದಾ ಪೆಟ್ಟಿಗೆ ತೆಗೆದಳು. “ತಲಿಗೆ ಒಂಚೂರು ಕರೆಂಟ್ ಹರಿಸಿ, ಲಕ್ಷ್ಯ ಹೆಂಗ ಬದಲಾಗ್ತದ ಅಂತ ನೋಡೂದು. ಕೊಯ್ಯೂದಿಲ್ಲ, ಚುಚ್ಚೂದಿಲ್ಲ. ಮಾಮಾ, ಕೂಡ್ತೀರೇನು?”

ಗುರುರಾಜರು ಪೇಪರಿನಿಂದ ತಲೆಯೆತ್ತದೆ ‘ಹೂಂ’ ಅಂದುಬಿಟ್ಟರು.

ಹಣೆಗೆ ಒದ್ದೆ ಸ್ಪಂಜು ತಗುಲಿದಾಗಲೇ ಅವರಿಗೆ ಎಚ್ಚರವಾದದ್ದು. ಆಗಲೇ ತಲೆಗೆ ಪಟ್ಟಿ, ಪಟ್ಟಿಗೆ ತಂತಿ ಬಂದಿದ್ದವು. ಎದುರಿಗೆ ಲ್ಯಾಪ್‌ಟಾಪಿನಲ್ಲಿ ಬಾಣಗಳ ಸಾಲು. ನಡುವಿನ ಬಾಣ ಯಾವ ಕಡೆ ಇದೆಯೋ ಆ ಕಡೆಯ ಗುಂಡಿ ಒತ್ತಬೇಕು. ಅಕ್ಕಪಕ್ಕದವು ಇರುವುದು ದಾರಿ ತಪ್ಪಿಸಲಿಕ್ಕೆ. ಸರಿಯಾಗಿ ಒತ್ತಿದರೆ ತನಗೆ ಲಕ್ಷ್ಯ ಇದೆಯೆಂದು ಹೆಂಡತಿಗೆ ಗೊತ್ತಾಗಿಬಿಡುತ್ತದೆ. ಮುಂದಿನ ಆಯುಷ್ಯವೆಲ್ಲ ಕೇಳಿಸಿಕೊಳ್ಳುವುದರಲ್ಲೇ ಹೋಗುತ್ತದೆ. ಗುರುರಾಜರು ಒಂದನ್ನೂ ಬಿಡದೆ ಎಲ್ಲವನ್ನೂ ತಪ್ಪು ಒತ್ತುವುದೆಂದು ಗಟ್ಟಿ ಮಾಡಿಕೊಂಡರು.

ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಮಾಲಾ ಈ ಅವತಾರ ಕಂಡು ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಅದೇ ಹೊತ್ತಿಗೆ ಓಣಿಯ ಕರೆಂಟ್ ಹೋಗಬೇಕೆ. ಮನೆಮನೆಯ ವಿದ್ಯುತ್ ಮಗ್ಗಗಳೆಲ್ಲ ಗಪ್ಪಾದವು. ಎದುರುಮನೆಯ ಅಂದಾನೆಪ್ಪ ನೇಯುವುದು ಬಿಟ್ಟು ಓಡಿಬಂದ.

“ಓಣಿ ಕರೆಂಟೆಲ್ಲಾ ನೀವೊಬ್ರ ತಲಿಗೆ ಎಳಕೊಂಡ್ರ ನಮ್ಮ ಮಗ್ಗ ನಡಿಯೂದು ಹೆಂಗ್ರಿ ಸಾಹೇಬ್ರ?”

“ಇದು ಸಣ್ಣ ಬ್ಯಾಟರಿ ಮ್ಯಾಲೆ ನಡೀತದ್ರಿ ಕಾಕಾ,” ಎಂದಳು ಹರ್ಷದಾ. ಯಾರೂ ನಂಬಲಿಲ್ಲ.

ಮಾಲಾ ಲಟ್ಟಣಿಗೆ ಹಿಡಿದು ಕಾವಲು ನಿಂತಳು. “ಯಾರೂ ಮುಟ್ಟಬ್ಯಾಡ್ರಿ, ಶಾಕ್ ಹೊಡಿತೈತಿ.”

“ಎಡಕ್ಕ ಒತ್ರಿ,” ಎಂದ ಅಂದಾನೆಪ್ಪ. “ಬಲಕ್ಕರೀ,” ಎಂದಳು ಮಾಲಾ. ಗುರುರಾಜರು ಸಂತೆಯ ನಡುವೆ ಜಪಕ್ಕೆ ಕೂತವರಂತೆ ಉಸಿರು ಬಿಗಿಹಿಡಿದು ತಪ್ಪು ಒತ್ತುತ್ತಲೇ ಹೋದರು.

ಕೊನೆಗೆ ಹರ್ಷದಾ ಲೆಕ್ಕ ನೋಡಿದಳು. “ಒಂದೂ ಸರಿ ಇಲ್ಲ.”

“ಏನ್ ಮಾಡೂದವಾ, ಲಕ್ಷ್ಯನ ನಿಲ್ಲೂದಿಲ್ಲ,” ಎಂದು ಗುರುರಾಜರು ಮುಖ ಸಣ್ಣ ಮಾಡಿದರು. ಒಳಗೊಳಗೆ ಹಿಗ್ಗೋ ಹಿಗ್ಗು.

“ಹಂಗಲ್ಲ ಮಾಮಾ. ಲಕ್ಷ್ಯ ಇಲ್ಲದವರು ಕಣ್ಣು ಮುಚ್ಚಿ ಒತ್ತಿದ್ರೂ ಅರ್ಧ ಸರಿ ಬರ್ತಾವ. ಎಲ್ಲಾ ತಪ್ಪು ಬರಬೇಕಂದ್ರ ಪ್ರತಿಯೊಂದು ಬಾಣಾನೂ ಸರಿಯಾಗಿ ನೋಡಿ, ಒತ್ತಲಿಕ್ಕೆ ಹೋದ ಬೆರಳು ತಡದು, ಇನ್ನೊಂದು ಗುಂಡಿ ಒತ್ತಬೇಕು. ಅದೂ ಇಷ್ಟು ಗದ್ದಲದಾಗ. ಇಂಥಾ ಲಕ್ಷ್ಯ ನಾ ಎಲ್ಲೂ ನೋಡಿಲ್ಲ.”

ವತ್ಸಲಾಬಾಯಿ ನಿಧಾನವಾಗಿ ಗಂಡನ ಕಡೆ ತಿರುಗಿದರು.

“ಅದು... ಕರೆಂಟಿನ ಗುಣಾ ಇರಬೇಕು,” ಗುರುರಾಜರು ತೊದಲಿದರು. “ಸಂಜಿ ಆಗೂದ್ರೊಳಗ ಇಳದು ಹೋಗ್ತದ.”

“ಕರೆಂಟ್ ಹರಿಸೇ ಇಲ್ಲ ಮಾಮಾ. ಹೋಲಿಸಿ ನೋಡ್ಲಿಕ್ಕೆ ಮೊದಲನೇ ಸಲ ಬರೇ ಪಟ್ಟಿ ಕಟ್ಟಿರ್ತೀವಿ.”

ವತ್ಸಲಾಬಾಯಿ ಕುರ್ಚಿ ಎಳೆದುಕೊಂಡು ಗಂಡನ ಎದುರಿಗೇ ಕೂತರು.

“ಮದುವಿ ದಿನದಿಂದ ಹಿಡದು ಎಲ್ಲಾ ಇನ್ನೊಮ್ಮೆ ಹೇಳ್ತೀನಿ,” ಎಂದರು. “ಕೇಳ್ರಿ.”