ಬ್ರಿಗೇಡಿಯರ್ ಜನರಲ್ ಹುಲ್ಡಾ ಲೇಮನ್ ಅವರ ಕಾರ್ಬೈನ್

ಯುದ್ಧಕ್ಕೆಂದು ತಯಾರಾದ ಬಂದೂಕಿನಿಂದ ಯಾರೂ ಎಂದೂ ಒಂದು ಗುಂಡನ್ನೂ ಹಾರಿಸಿರಬಾರದು ಎಂಬುದು ನಮ್ಮ ಸಂಘದ ನಿಯಮಾವಳಿಯ ಮೊದಲನೆಯ ವಾಕ್ಯ.

ಸಂಘದ ಹೆಸರು ಪೂರ್ವ ಇಂಡಿಯಾನಾ ಸನ್ಮಾನ ಕಾರ್ಬೈನ್ ಸಂಗ್ರಾಹಕರ ಹಾಗೂ ಸಂಶೋಧಕರ ಸಂಘ. ಕಾರ್ಬೈನ್ ಎಂದರೆ ಗಿಡ್ಡ ನಳಿಗೆಯ ಹಗುರ ಬಂದೂಕು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರಕಾರ ಕೇಳಿಕೊಂಡಿತೆಂದು ನಮ್ಮೂರಿನ ಪಿಯಾನೊ ಕಾರ್ಖಾನೆಯವರೂ ಪಿಯಾನೊ ಬಿಟ್ಟು ಇದನ್ನೇ ರಾಶಿ ರಾಶಿ ಮಾಡಿದರು. ಅವುಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ಕನ್ನಡಿಯಂಥ ಹೊಳಪು ಕೊಟ್ಟು, ಮರದ ಹಿಡಿಗೆ ಬೆಳ್ಳಿಯ ಫಲಕ ಕೂರಿಸಿ ಗಣ್ಯರಿಗೆ ಕಾಣಿಕೆ ಕೊಟ್ಟರು. ಸೈನಿಕರು ಕೆಸರಿನಲ್ಲಿ ಎಳೆದಾಡಿದವುಗಳಿಗೂ ನಮಗೂ ಸಂಬಂಧವಿಲ್ಲ. ನಾವು ಮಖಮಲ್ಲಿನ ಮೇಲೆ ಮಲಗಿದವನ್ನು ಮಾತ್ರ ಅಧ್ಯಯನ ಮಾಡುತ್ತೇವೆ.

ದೇವರ ದಯೆಯಿಂದ ನಾನು ಈ ಸಂಘದ ಪಾದ್ರಿ. ಸಭೆಗಳು ನಮ್ಮ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುತ್ತವೆ, ಏಕೆಂದರೆ ಅಲ್ಲಿ ಒಲೆಯಿದೆ. ನಾನು ಪ್ರಾರ್ಥನೆ ಹೇಳುತ್ತೇನೆ, ಊಟಕ್ಕೆ ಬೇಯಿಸಿದ ಆಲೂಗಡ್ಡೆಯ ಕ್ಯಾಸರೋಲ್ ಎಂಬ ಖಾದ್ಯವನ್ನು ಆಶೀರ್ವದಿಸುತ್ತೇನೆ. ಆಮೇಲೆ ಸದಸ್ಯರು ಬಿಳಿ ಕೈಗವಸು ತೊಟ್ಟು ಬಂದೂಕುಗಳನ್ನು ಮೂಸುತ್ತಾರೆ. ಮರಕ್ಕೆ ಸವರಿದ ಅಗಸೆ ಎಣ್ಣೆ ಆ ಕಾಲದ್ದೋ ಈಚಿನದೋ ಎಂದು ಮೂಗಿನಿಂದಲೇ ಹೇಳುವ ಪುಣ್ಯವಂತರು ನಮ್ಮಲ್ಲಿದ್ದಾರೆ.

ಯುದ್ಧದ ಗಡಿಬಿಡಿಯಲ್ಲಿ ಕಾರ್ಖಾನೆಗಳು ಒಂದರ ಬಿಡಿಭಾಗವನ್ನು ಇನ್ನೊಂದು ಕಡ ತಂದು ಜೋಡಿಸುತ್ತಿದ್ದವು. ಈ ಅಶಿಸ್ತನ್ನು ನಮ್ಮ ಸದಸ್ಯರು ಕ್ಷಮಿಸಿದ್ದಾರೆ, ಆದರೆ ಹಾಗೆಯೇ ಬಿಟ್ಟಿಲ್ಲ. ಪ್ರತಿ ಚಳಿಗಾಲದಲ್ಲಿ, ಕಾರ್ಖಾನೆ ನಿಜವಾಗಿ ಹಾಕಿದ್ದ ಭಾಗವನ್ನು ಬಿಚ್ಚಿ, ಹಾಕಬೇಕಾಗಿದ್ದ ಭಾಗವನ್ನು ಹುಡುಕಿ ತಂದು ಕೂರಿಸುತ್ತಾರೆ. ಹೀಗೆ ಬದಲಾಯಿಸಿದ ಬಂದೂಕಿಗೆ 'ಮೂಲರೂಪದಲ್ಲಿದೆ' ಎಂಬ ಪ್ರಮಾಣಪತ್ರ ಸಿಗುತ್ತದೆ. ಬದಲಾಯಿಸದಿದ್ದರೆ ಸಿಗುವುದಿಲ್ಲ.

ಯುದ್ಧ ಮುಗಿದ ಐವತ್ತನೆಯ ವರ್ಷ ಜಿಲ್ಲಾ ವಸ್ತುಸಂಗ್ರಹಾಲಯದಲ್ಲಿ ಪಿಯಾನೊ ಕಾರ್ಖಾನೆಗೆಂದೇ ಒಂದು ಕೋಣೆ ಸಿದ್ಧವಾಯಿತು. ನಮ್ಮ ಸಂಘ ಒಪ್ಪಿದ ವಸ್ತುಗಳು ಮಾತ್ರ ಒಳಗೆ ಬರಬೇಕೆಂದು ಆಡಳಿತ ಆದೇಶ ಹೊರಡಿಸಿತು. ಆಗ ಲವೋನ್ ಸ್ಟಕಿ ಎಂಬಾಕೆ, ಶಾಲಾ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು, ಸ್ನಾನದ ಟವೆಲಿನಲ್ಲಿ ಸುತ್ತಿದ ಒಂದು ಕಾರ್ಬೈನ್ ಹಿಡಿದು ನೆಲಮಾಳಿಗೆಗೆ ಇಳಿದು ಬಂದರು.

"ಇದು ನಮ್ಮಮ್ಮಂದು," ಅಂದರು.

ಸಂಘದ ಅಧ್ಯಕ್ಷರು ಡಾಕ್ಟರ್ ವೆಂಡಲ್ ಗ್ರೇಬರ್, ನಿವೃತ್ತ ದಂತವೈದ್ಯರು. "ನಿಮ್ಮಪ್ಪಂದು ಅನ್ನಿ," ಎಂದು ತಿದ್ದಿದರು.

"ಅಮ್ಮಂದು ಅಂದೆ ಡಾಕ್ಟ್ರೇ. ಊರವರ ಹಲ್ಲು ಕಿತ್ತೂ ಕಿತ್ತೂ ನಿಮ್ಮ ಕಿವೀನೂ ಹೋಯ್ತಾ?"

ಡಾಕ್ಟರು ನೊಂದುಕೊಳ್ಳದೆ ಕನ್ನಡಕದ ಮೇಲೆ ಭೂತಗನ್ನಡಿ ಏರಿಸಿದರು. ಬೆಳ್ಳಿಯ ಫಲಕದಲ್ಲಿ, 'ಹುಲ್ಡಾ ಲೇಮನ್ ಅವರಿಗೆ, ಕೃತಜ್ಞತೆಯೊಂದಿಗೆ' ಎಂದಿತ್ತು. ತಿರುಪು ನೋಡಿದರು, ಹೊಳಪು ನೋಡಿದರು, ಮೂಸಿದರು. ಉಳಿದವರೂ ಸಾಲಾಗಿ ಬಂದು ಮೂಸಿದರು. ಕೊನೆಗೆ ಡಾಕ್ಟರ ಕಣ್ಣಲ್ಲಿ ನೀರು ಬಂತು. "ಇದಕ್ಕೆ ಯಾರೂ ಕೈ ಹಚ್ಚಿಲ್ಲ. ಇಂಥದ್ದನ್ನ ನಾನು ಹುಟ್ಟಿದ್ಮೇಲೆ ನೋಡಿರ್ಲಿಲ್ಲ."

"ಹಾಗಾದ್ರೆ ಕೋಣೆಯಲ್ಲಿ ಇಡ್ತೀರಾ?" ಎಂದು ಲವೋನ್ ಕೇಳಿದರು. "ಕಾರ್ಖಾನೆ ಗೋಡೆ ಮೇಲಿನ ಹಿತ್ತಾಳೆ ಹಲಗೆಯಲ್ಲಿ ಡೈರೆಕ್ಟರುಗಳ ಹೆಸರೆಲ್ಲ ಇದೆ. ಬಂದೂಕಿನ ಮರಕ್ಕೆ ಅಂಟು ಹಚ್ಚಿದ ಹೆಂಗಸರದು ಒಬ್ಬರದೂ ಇಲ್ಲ. ಹುಲ್ಡಾ ಲೇಮನ್ ಇಲ್ಲಿ ಕೆಲಸ ಮಾಡಿದ್ಲು ಅಂತ ಎಲ್ಲಾದ್ರೂ ಒಂದು ಸಾಲು ಇರ್ಲಿ. ನಾನು ಕೇಳೋದು ಅಷ್ಟೇ."

ಅಡ್ಡಿಯಾದದ್ದು ಏಳನೆಯ ನಿಯಮ. 'ಸನ್ಮಾನ ಕಾರ್ಬೈನುಗಳನ್ನು ಕಂಪನಿಯ ನಿರ್ದೇಶಕರಿಗೆ ಅಥವಾ ಬ್ರಿಗೇಡಿಯರ್ ಜನರಲ್ ಹಾಗೂ ಮೇಲ್ಪಟ್ಟ ಸೇನಾಧಿಕಾರಿಗಳಿಗೆ ಮಾತ್ರ ನೀಡಲಾಗಿದೆ.' ಡಾಕ್ಟರು ಇದನ್ನು ತಮ್ಮ ಗ್ರಂಥದಲ್ಲಿಯೂ ಬರೆದಿದ್ದರು.

"ನಿಯಮ ಬದಲಾಯಿಸಿ ಬಿಡಿ," ಅಂದರು ಲವೋನ್.

"ಪುಸ್ತಕ ಅಚ್ಚಾಗಿದೆಯಮ್ಮಾ. ಗಟ್ಟಿ ರಟ್ಟು ಬೇರೆ."

"ಹಾಗಾದ್ರೆ ಬಂದೂಕು ಸುಳ್ಳು ಅನ್ನಿ."

"ಛೆ! ಇಂಥ ಬಂದೂಕಿಗೆ ಹಾಗಂದ್ರೆ ನಾಲಿಗೆ ಉದುರಿ ಹೋಗತ್ತೆ."

ಬೆಳಕು ಕೊಡೆಂದು ನಾನು ಪ್ರಾರ್ಥಿಸಿದೆ. ಬೆಳಕು ಬಂದದ್ದು ಡಾಕ್ಟರಿಗೆ. ಬಂದೂಕು ಸಾಚಾ, ನಿಯಮವೂ ಸಾಚಾ. ಹುಲ್ಡಾ ಲೇಮನ್ ನಿರ್ದೇಶಕರಾಗಿರಲಿಲ್ಲ. ಆದ್ದರಿಂದ ಆಕೆ ಬ್ರಿಗೇಡಿಯರ್ ಜನರಲ್ ಆಗಿದ್ದರು.

"ನಮ್ಮಮ್ಮ ಬಂದೂಕಿನ ಮರಕ್ಕೆ ಅಂಟು ಹಚ್ತಿದ್ಲು ಡಾಕ್ಟ್ರೇ! ಯಂತ್ರದ ಬಾಯಿಗೆ ಎರಡು ಬೆರಳು ಹೋಯ್ತು. ಮತ್ತೇನೂ ಕೇಳಬಾರದು ಅಂತ ಇದನ್ನ ಕೈಗಿಟ್ಟು ಕಳಿಸಿದ್ರು."

"ರಣದಲ್ಲಿ ಗಾಯಗೊಂಡವರು," ಎಂದು ಡಾಕ್ಟರು ಬರೆದುಕೊಂಡರು.

"ಸೇನೆಯ ಯಾವ ಪಟ್ಟಿಯಲ್ಲೂ ಅವಳ ಹೆಸರಿಲ್ಲ!"

"ಅದೇ ನೋಡಿ. ಎಷ್ಟು ಗುಟ್ಟಾಗಿ ಇಟ್ಟಿದ್ದಾರೆ!"

ನನ್ನನ್ನೂ ಸಾಕ್ಷಿ ಕೇಳಿದರು. ಹುಲ್ಡಾ ನಮ್ಮ ಗಾಯನವೃಂದದಲ್ಲಿದ್ದರೆಂದೂ, ಅವರು ಸ್ವರ ತಪ್ಪಿದಾಗ ಉಳಿದವರೆಲ್ಲ ಹೆದರಿ ಅದೇ ತಪ್ಪು ಸ್ವರಕ್ಕೆ ಬರುತ್ತಿದ್ದರೆಂದೂ ನಾನು ಸತ್ಯವಾಗಿ ಹೇಳಿದೆ. 'ದಂಡನಾಯಕತ್ವದ ಗುಣ' ಎಂದು ದಾಖಲಾಯಿತು. ಬಡವಳೊಬ್ಬಳನ್ನು ಮೇಲಕ್ಕೆತ್ತುವುದು ಪ್ರಭುವಿನ ಹಳೆಯ ಅಭ್ಯಾಸ. ಆತನಿಗೆ ಅಡ್ಡ ಬರಲು ನಾನ್ಯಾರು?

ಲವೋನ್ ಸುಮ್ಮನಾಗಲಿಲ್ಲ. ಮರುವಾರ ವೃದ್ಧಾಶ್ರಮದಿಂದ ಓರ್ಫಾ ಸ್ಪ್ರಂಗರ್ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಹುಲ್ಡಾ ಪಕ್ಕದಲ್ಲಿ ಕೂತು ಅಂಟು ಹಚ್ಚಿದವರಲ್ಲಿ ಬದುಕಿ ಉಳಿದಿದ್ದವರು ಇವರೊಬ್ಬರೇ.

"ಹೇಳಿ ಓರ್ಫಾ ಅಜ್ಜಿ, ನಮ್ಮಮ್ಮ ಯಾರು ಅಂತ ಇವರಿಗೆ ಹೇಳಿ."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. "ಹುಲ್ಡಾ ಜನರಲ್ಲಾ? ಅಯ್ಯೋ ದೇವ್ರೇ, ಇದೊಳ್ಳೇ ಕತೆಯಾಯ್ತಲ್ಲ ಪಾದ್ರಿಗಳೇ! ಕೂರೋಕೆ ಅಲುಗಾಡದ ಒಂದು ಸ್ಟೂಲು ಸಿಕ್ಕಿದ್ರೆ ಸಾಕಪ್ಪಾ ಅಂತಿದ್ಲು ಅವಳು."

ಲವೋನ್ ಅವರ ಮುಖ ಅರಳಿತು. ಡಾಕ್ಟರು ಅಜ್ಜಿಯ ಮುಂದೆ ಮಂಡಿಯೂರಿ ವಿನಯದಿಂದ ಕೇಳಿದರು: "ತಾವು ಅವರ ಪಕ್ಕದಲ್ಲೇ ಕೂರ್ತಿದ್ರಿ ಅಲ್ವಾ? ಜನರಲ್ ಪಕ್ಕದಲ್ಲಿ ಕೂರೋದು ಕಡಿಮೆ ಅಂದ್ರೂ ಕರ್ನಲ್."

"ಕರ್ನಲ್ಲಿಗೆ ಏನು ಸಿಗತ್ತೆ?"

"ವೀರಸ್ಮರಣೆಯ ದಿನದ ಮೆರವಣಿಗೆಯಲ್ಲಿ ತೆರೆದ ಕಾರು. ಊಟದಲ್ಲಿ ಸಿಹಿ ಪೈ ಮೊದಲು ನಿಮಗೆ."

"ರೂಬಾರ್ಬ್ ಪೈ?"

"ರೂಬಾರ್ಬ್ ಪೈ."

ಅಜ್ಜಿ ಸ್ವಲ್ಪ ಯೋಚಿಸಿದರು. "ಹುಲ್ಡಾ ಯಾವಾಗಲೂ ಏನೋ ಗುಟ್ಟು ಮಾಡೋಳು," ಅಂದರು. "ಊಟದ ಹೊತ್ತಲ್ಲಿ ಎಲ್ಲಿಗೋ ಹೋಗ್ತಿದ್ಲು. ಯುದ್ಧಕ್ಕೇ ಇರಬೇಕು."

"ಅಜ್ಜೀ!" ಎಂದು ಲವೋನ್ ಕೂಗಿದರು.

"ದನಿ ತಗ್ಗಿಸು ಮಗಳೇ. ಕರ್ನಲ್ ಜತೆ ಮಾತಾಡ್ತಿದ್ದೀಯ."

ಡಾಕ್ಟರು ಲವೋನ್ ಅವರ ಮುಂದೆ ಎರಡು ದಾರಿಯಿಟ್ಟರು. ಒಪ್ಪಿದರೆ ಹುಲ್ಡಾ ಲೇಮನ್ ಕೋಣೆಯ ನಟ್ಟನಡುವೆ, ದೀಪದ ಕೆಳಗೆ. ಒಪ್ಪದಿದ್ದರೆ ಟವೆಲಿನೊಳಗೆ, ಮನೆಯ ಅಟ್ಟದ ಮೇಲೆ. "ಹೆಸರು ಅದೇ ಇರತ್ತಮ್ಮಾ. ಮುಂದೆ ಎರಡು ಪದ ಹೆಚ್ಚು, ಅಷ್ಟೇ."

ಆ ಭಾನುವಾರ ಲವೋನ್ ಚರ್ಚು ಖಾಲಿಯಾದ ಮೇಲೂ ಕೂತೇ ಇದ್ದರು. "ಏನು ಮಾಡ್ಲಿ ಪಾದ್ರಿಗಳೇ? ಸುಳ್ಳಲ್ವಾ ಅದು?"

ಸಂಘದ ನಿರ್ಣಯ ಸರ್ವಾನುಮತದ್ದೆಂದೂ, ಅಷ್ಟು ಜನ ಸಜ್ಜನರು ಒಟ್ಟಿಗೆ ತಪ್ಪುವುದನ್ನು ಪ್ರಭು ಬಿಡುತ್ತಿರಲಿಲ್ಲವೆಂದೂ ನಾನು ಸಮಾಧಾನ ಹೇಳಿದೆ. ಆಕೆ ಕಣ್ಣೊರೆಸಿಕೊಂಡು, "ಎಲ್ಲಿ ಸಹಿ ಹಾಕ್ಬೇಕು?" ಎಂದು ಕೇಳಿದರು.

ಈ ಕೆಳಗಿನಂತೆ ಪ್ರಕಟಣೆ ಹೊರಟಿತು: 'ಬ್ರಿಗೇಡಿಯರ್ ಜನರಲ್ ಹುಲ್ಡಾ ಲೇಮನ್ ಅವರು ಜನರಲ್ ಆಗಿದ್ದುದು ಸ್ವತಃ ಅವರಿಗೂ, ಅವರ ಕುಟುಂಬಕ್ಕೂ, ಸೇನೆಗೂ ತಿಳಿಯದಂತೆ ಸೇವೆ ಸಲ್ಲಿಸಿದ್ದಾರೆ ಎಂದು ಸಂಘವು ಹೆಮ್ಮೆಯಿಂದ ದೃಢೀಕರಿಸುತ್ತದೆ.' ವೀರಸ್ಮರಣೆಯ ದಿನ ಅವರ ಸಮಾಧಿಗೆ ಒಂದು ನಕ್ಷತ್ರ ಕೆತ್ತಿದ ಹೊಸ ಕಲ್ಲು ಬಂತು. ಗಂಡನ ಸಮಾಧಿಯನ್ನು ತುಸು ಹಿಂದಕ್ಕೆ ಸರಿಸಲಾಯಿತು. ಪಾಪ, ಆತ ಬರೀ ಸಿಪಾಯಿ, ನಿಜವಾದ ಯುದ್ಧಕ್ಕೆ ಹೋಗಿ ಬಂದವನು. ಕರ್ನಲ್ ಓರ್ಫಾ ತೆರೆದ ಕಾರಿನಲ್ಲಿ ಕೂತು ಎರಡೂ ಕಡೆ ವಂದನೆ ಸ್ವೀಕರಿಸಿದರು.

ಈಗ ಬುಧವಾರ ಮತ್ತು ಶನಿವಾರ ಲವೋನ್ ಅವರೇ ಆ ಕೋಣೆಯಲ್ಲಿ ನಿಂತು ಜನರಿಗೆ ವಿವರಿಸುತ್ತಾರೆ. ಮೊದಮೊದಲು 'ನಮ್ಮಮ್ಮ' ಎಂದು ಬಾಯಿತಪ್ಪಿ ಬರುತ್ತಿತ್ತು. ಈಗ 'ಜನರಲ್ ಸಾಹೇಬರು' ಎನ್ನುತ್ತಾರೆ. ಕಳೆದ ಶನಿವಾರ ನಾನು ಅಲ್ಲಿದ್ದೆ. ಪಕ್ಕದ ಜಿಲ್ಲೆಯಿಂದ ಬಂದ ಒಬ್ಬ ಹೆಂಗಸು ಗಾಜಿನ ಪೆಟ್ಟಿಗೆಯ ಮುಂದೆ ತಡೆದು ನಿಂತಳು.

"ನಮ್ಮಮ್ಮನೂ ಇದೇ ಕಾರ್ಖಾನೆಯಲ್ಲಿದ್ಲು," ಅಂದಳು. "ಇಲ್ಲಿ ಎಲ್ಲಾದ್ರೂ ಅವಳ ಹೆಸರಿರತ್ತೇನೋ ಅಂತ ಹುಡುಕ್ತಾ ಬಂದೆ."

"ಯಾವ ಹುದ್ದೆ?" ಎಂದು ಲವೋನ್ ಕೇಳಿದರು.

"ಹುದ್ದೆ ಎಲ್ಲಿ ಬಂತು? ಬಂದೂಕಿನ ಮರಕ್ಕೆ ಅಂಟು ಹಚ್ತಿದ್ಲು."

ಲವೋನ್ ಅವರ ಕೈ ಗಾಜಿನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಆಕೆ ಬೆನ್ನು ನೆಟ್ಟಗೆ ಮಾಡಿ, ಬಹಳ ಮೃದುವಾಗಿ, "ಬೇಜಾರು ಮಾಡ್ಕೋಬೇಡಿ," ಅಂದರು. "ಅಂಥವರೂ ಬೇಕಾಗಿತ್ತು. ಎಲ್ಲಾನೂ ಜನರಲ್ ಸಾಹೇಬರೊಬ್ಬರೇ ಮಾಡೋಕಾಗತ್ತಾ?"

"ಅದೂ ನಿಜಾನೇ," ಎಂದ ಆ ಹೆಂಗಸು, ಕೈಯಲ್ಲಿ ಹಿಡಿದು ತಂದಿದ್ದ ತನ್ನ ತಾಯಿಯ ಸಣ್ಣ ಫೋಟೋವನ್ನು ಕೈಚೀಲಕ್ಕೆ ಸೇರಿಸಿ, ಬೆಳ್ಳಿಯ ಫಲಕಕ್ಕೆ ತಲೆಬಾಗಿಸಿ ಹೊರಗೆ ನಡೆದಳು. ಇಬ್ಬರು ಹೆಣ್ಣುಮಕ್ಕಳಿಗೂ ಇಂಥ ಶಾಂತಿಯನ್ನು ದಯಪಾಲಿಸಿದ ದೇವರಿಗೆ ನಾನು ಅಲ್ಲಿಯೇ ಸ್ತೋತ್ರ ಸಲ್ಲಿಸಿದೆ.