ಬೀಗರಿಗೆ ಬಣ್ಣದ ಗುಂಡು

ಕೆಲವರ ಮನಿ ಹುಡುಕ್ಕೊಂಡು ನೆಂಟರು ಬರ್ತಾರ, ಕೆಲವರ ಮನಿ ಹುಡುಕ್ಕೊಂಡು ಓಟು ಕೇಳೋರು ಬರ್ತಾರ. ನನ್ನ ಹುಡುಕ್ಕೊಂಡು ಬರೋವು ಬರೇ ಫಜೀತಿ. ಸರ್ಕಾರಿ ಬಸ್ಸಿನಾಗ ಲಿಂಗಸುಗೂರು, ಮಸ್ಕಿ, ಸಿಂಧನೂರು ಅಂತ ಒಂದೇ ರೂಟಿನಾಗ ಮೂವತ್ತು ವರ್ಷ ಕಂಡಕ್ಟರ್ ಆಗಿ ದುಡ್ದೀನಿ. ನಾ ರಿಟೈರ್ ಆದದ್ದು ಊರಿಗೆಲ್ಲಾ ಗೊತ್ತಾತು, ಈ ಫಜೀತಿಗಳಿಗೆ ಮಾತ್ರ ಯಾರೂ ಹೇಳಿಲ್ಲ ಕಾಣಸ್ತೈತಿ. ನಮ್ಮ ಮನಿಯಾಕಿ, ನೀವು ಹೇಳಿದ್ದನ್ನ ನಾಕರಿಂದ ಭಾಗಿಸಿ ಕೇಳ್ಬೇಕು ಅಂತಾಳ. ಭಾಗಿಸ್ಕೊಳ್ರಿ, ನನಗೇನು ಬೇಜಾರಿಲ್ಲ. ನಾ ಮೊದ್ಲ ನಾಕರಿಂದ ಗುಣಿಸಿಟ್ಟೀನಿ.

ಗನ್ನಿನ ಪೂಜಿ

ನಮ್ಮ ಸಿಂಧನೂರಿನಾಗ ಒಂದು ಖಾಸಗಿ ಡಿಗ್ರಿ ಕಾಲೇಜು ಐತಿ. ಹೆಸರು ಬ್ಯಾಡ, ನನಗೂ ವಯಸ್ಸಾಗೈತಿ. ಅದರ ಚೇರ್ಮನ್ನರು ಯಾವುದೋ ರೆಸಾರ್ಟಿಗೆ ಹೋಗಿ ಪೇಂಟ್‌ಬಾಲ್ ಆಡಿ ಬಂದ್ರು. ಗನ್ನಿನಾಗ ಬಣ್ಣದ ಗುಂಡು ತುಂಬಿ ಒಬ್ಬರಿಗೊಬ್ಬರು ಹೊಡೀಬೇಕು. ಗುಂಡು ಒಡೆದು ಮೈಗೆ ಬಣ್ಣ ಹತ್ತಿತೋ, ಅವ ಔಟ್. ಕೊನಿಗೆ ಯಾರ ಕಡಿಯವ ಉಳೀತಾನೋ ಅವರು ಗೆದ್ದಂಗ. ಇಷ್ಟ ಆಟ.

ಬಂದ ಕೂಡ್ಲೇ ಚೇರ್ಮನ್ನರು, ಯಾವ ಕಾಲೇಜಿನಾಗೂ ಇಲ್ಲದ್ದು ನಮ್ಮಲ್ಲಿ ಇರ್ಬೇಕು ಅಂದ್ರು. ನಾ ಲೈಬ್ರರಿ ಇರ್ಬೇಕು ಅಂದ್ಕೊಂಡೆ. ಹತ್ತು ಗನ್ನು ತರಿಸಿದ್ರು. ಸುದ್ದಿ ಕೇಳಿದ್ದ ತಡ, ಲಿಂಗಸುಗೂರಿನ ಒಂದು ಕಾಲೇಜಿನವರು ತರಿಸಿದ್ರು, ಮಸ್ಕಿಯ ಒಂದು ಕಾಲೇಜಿನವರೂ ತರಿಸಿದ್ರು. ಮೂರೂ ಕಡೆ ಪಾಯಖಾನಿಗೆ ಬಾಗ್ಲಿಲ್ಲ, ಗನ್ನು ಮಾತ್ರ ಹೊಸಾವು.

ಗನ್ನಿಗೆ ಪೂಜಿ ಆತು. ನಿಂಬಿಹಣ್ಣು, ಕುಂಕುಮ, ಕಾಯಿ, ಎಲ್ಲಾ ಬರೋಬರ್. ಮೊದಲ್ನೇ ಗುಂಡು ಚೇರ್ಮನ್ನರು ಹೊಡೀಬೇಕು ಅಂತ ಇಪ್ಪತ್ತು ಹೆಜ್ಜಿ ದೂರ ಒಂದು ಬೂದುಗುಂಬಳಕಾಯಿ ಇಟ್ಟಿದ್ರು. ಪ್ರಿನ್ಸಿಪಾಲರು ಹೊಸಾ ಬಿಳಿ ಅಂಗಿ ಹಾಕ್ಕೊಂಡು ಅದರ ಬಾಜೂಕ ನಿಂತಿದ್ರು. ಚೇರ್ಮನ್ನರು ಒಂದು ಕಣ್ಣು ಮುಚ್ಚಿದ್ರು, ಆಮ್ಯಾಲ ಇನ್ನೊಂದೂ ಮುಚ್ಚಿ ಹೊಡೆದ್ರು. ಪ್ರಿನ್ಸಿಪಾಲರ ಎದಿ ಮ್ಯಾಲ ಅಂಗೈಯಷ್ಟು ಕಿತ್ತಳಿ ಬಣ್ಣ.

ಪ್ರಿನ್ಸಿಪಾಲರು ಎದಿ ನೋಡ್ಕೊಂಡ್ರು, ಚಪ್ಪಾಳಿ ತಟ್ಟಿದ್ರು, ಹೇಳಿದ್ರು: "ಸರ್, ಗುರಿ ಭಾಳ ಚಲೋ ಐತ್ರಿ. ಕುಂಬಳಕಾಯಿನ ತಪ್ಪು ಜಾಗಾದಾಗ ಇಟ್ಟೀವಿ."

ರುಚಿ

ಆ ಕಾಲೇಜಿನಾಗ ಆಟ ಕಲಸೋ ಮಾಸ್ತರ ಜಾಗಾ ಖಾಲಿ. ಪ್ರಿನ್ಸಿಪಾಲರಿಗೆ ನನ್ನ ನೆನಪಾತು. ಅವರು ಓದಾಕತ್ತಿದ್ದ ಕಾಲಕ್ಕ ನನ್ನ ಬಸ್ಸಿನಾಗ ಮುಗಿದ ಪಾಸ್ ತೋರಿಸ್ತಿದ್ರು, ನಾ ದಿನಾ ಹಿಡೀತಿದ್ದೆ. ಮನಿಗೆ ಬಂದು, ಕಂಡಕ್ಟರ್ ಸಾಹೇಬ್ರ, ಈ ಆಟದಾಗ ಹುಡುಗರು ಬಣ್ಣ ಒರೆಸ್ಕೊಂಡು ಗುಂಡು ಬಿದ್ದೇ ಇಲ್ಲ ಅಂತಾರ, ಸುಳ್ಳು ಹಿಡಿಯೋದ್ರಾಗ ನಿಮ್ಮಂಥವರು ಇನ್ನೊಬ್ಬರಿಲ್ಲ, ಟೀಮಿನ ಮ್ಯಾನೇಜರ್ ಆಗ್ರಿ ಅಂದ್ರು. ಆದೆ.

ಕ್ಯಾಪ್ಟನ್ ಒಬ್ಬಾಕಿ ತುರ್ವಿಹಾಳದ ಹುಡುಗಿ. ಬಿಕಾಂ ಕೊನೇ ವರ್ಷ. ನನ್ನ ಬಸ್ಸಿನ ಸೀಟಿಗಿಂತ ನಾಕ ಬೆರಳು ಎತ್ತರ, ಅದೂ ಚಪ್ಪಲಿ ಹಾಕ್ಕೊಂಡಾಗ. ಸಾಲ್ಯಾಗಿಂದ್ಲೂ ಖೋಖೋ ಆಗ್ಲಿ, ಕಬಡ್ಡಿ ಆಗ್ಲಿ, ಯಾರೂ ಆಕಿನ ಆರಿಸ್ಕೊಂಡಿದ್ದಿಲ್ಲ. ಮಂದಿ ಚಪ್ಪಲಿ ಕಾಯಾಕ ಕುಂದ್ರಸ್ತಿದ್ರು. ಈ ಆಟದಾಗ ಮಾತ್ರ ಆಕಿ, ಅಡಗಾಕ ಅಂತ ಇಟ್ಟ ನೆಲ್ಲಿನ ಹೊಟ್ಟಿನ ಚೀಲದ ಹಿಂದ ಕುಂತಳು ಅಂದ್ರ ತಲಿಗೂದ್ಲು ಸೈತ ಕಾಣಸ್ತಿದ್ದಿಲ್ಲ. "ಅಜ್ಜಾರ, ಗಿಡ್ಡ ಇದ್ದವರಿಗೆ ಅಂತ ದೇವರು ಇದೊಂದೇ ಆಟ ಇಟ್ಟಾನ ನೋಡ್ರಿ" ಅಂತಿದ್ದಳು.

ಚೇರ್ಮನ್ನರು ಒಂದು ಷರತ್ತು ಹಾಕಿದ್ರು. ಈ ಸೀಜನ್ನಿನಾಗ ಮೂರು ಮ್ಯಾಚ್: ಲಿಂಗಸುಗೂರು, ಮಸ್ಕಿ, ಕೊನಿಗೆ ನಮ್ಮ ಸಿಂಧನೂರು. ಮೂರರಾಗ ಒಂದಾದ್ರೂ ಗೆಲ್ಲದಿದ್ರ ಟೀಮು ಬಂದ್, ಗನ್ನೆಲ್ಲಾ ಗೊರೇಬಾಳದ ತಮ್ಮ ಗದ್ದಿಗೆ, ಹಕ್ಕಿ ಹೊಡಿಯಾಕ. ಅದನ್ನ ಕೇಳಿ ಆ ಹುಡುಗಿ ಎರಡು ದಿನ ಬರೋಬರಿ ಊಟ ಮಾಡಿಲ್ಲ.

ನೆಲ್ಲು ಕೊಯ್ದ ಗದ್ದಿಯಾಗ ಪ್ರಾಕ್ಟೀಸ್ ಸುರು ಮಾಡಿದ್ವಿ. ಒಂದಿನ ಒಬ್ಬವನ ಅಂಗಿ ಮ್ಯಾಲ ಹಳದಿ ಬಣ್ಣ ಕಾಣ್ತು. ಔಟ್ ಅಂದೆ. ಅವ ಒಪ್ಪವಲ್ಲ. ಇದು ಗುಂಡಿಂದಲ್ರಿ, ಮಧ್ಯಾಹ್ನ ಉಂಡ ಬ್ಯಾಳಿ ಅಂದ. ಬ್ಯಾಳಿ ಆದ್ರ ನೆಕ್ಕು ಅಂದೆ. ಎಲ್ಲರೂ ಸುತ್ತ ನಿಂತು ನೋಡಾಕತ್ತಾರ. ಹುಡುಗ ಬೆರಳಿಂದ ತೆಗೆದ, ನಾಲಿಗಿ ಮ್ಯಾಲ ಇಟ್ಕೊಂಡ, ಮುಖ ಹುಳ್ಳಗಾತು, ಕಣ್ಣಾಗ ನೀರು ಬಂತು. ಆದ್ರೂ ಸೋಲಲಿಲ್ಲ.

"ಬ್ಯಾಳಿನ ಐತ್ರಿ ಅಜ್ಜಾರ," ಅಂದ. "ನಮ್ಮವ್ವ ಇವತ್ತ ಉಪ್ಪು ಮರ್ತಾಳ."

ಲಿಂಗಸುಗೂರಿನಾಗ ಕ್ಷೇಮ ಸಮಾಚಾರ

ನಮ್ಮ ಟೀಮಿನಾಗ ಬಳಗಾನೂರಿನವ ಒಬ್ಬ ಇದ್ದ. ಏನ್ ಗುರಿ ಅಂತೀರಿ. ಹಾರೋ ಸೊಳ್ಳಿ ಎಡಗಣ್ಣಿಗೆ ಹೊಡೀತಿದ್ದ. ಬಲಗಣ್ಣಿಗೆ ಹೊಡೆದದ್ದು ನಾ ನೋಡಿಲ್ಲ, ಸುಳ್ಳ್ಯಾಕ ಹೇಳ್ಲಿ.

ಮೊದಲ್ನೇ ಮ್ಯಾಚು ಲಿಂಗಸುಗೂರಿನಾಗ. ಒಂದೊಂದು ಕಡೆ ಐದೈದು ಮಂದಿ. ಸೀಟಿ ಊದಿ ಒಂದು ನಿಮಿಷ ಆಗಿದ್ದಿಲ್ಲ, ನಮ್ಮ ಬಳಗಾನೂರಿನವ ಎದುರಿನವರ ಒಬ್ಬನ್ನ ಐದು ಹೆಜ್ಜಿ ದೂರದಾಗ ಗುರಿಗೆ ಹಿಡಿದ. ಗನ್ನಿನ ಕುದುರಿ ಎಳಿಯೋದೊಂದು ಬಾಕಿ. ಅಷ್ಟರಾಗ ಗನ್ನು ಇಳಿಸಿದ. ಎದುರಿಗೆ ಇದ್ದವ ಇವನ ಅಕ್ಕನ ಗಂಡನ ತಮ್ಮ.

"ಬೀಗರ, ಅರಾಮದೀರಿ?" ಅಂದ ನಮ್ಮವ.

"ಅರಾಮ ನೋಡ್ರಿ. ನೀವು ಯಾವಾಗ ಬಂದ್ರಿ?"

"ಈಗ ಬಂದ್ವಿ. ಅಕ್ಕ ಹೆಂಗದಾಳ್ರಿ?"

"ಚಲೋ ಅದಾರ. ನಿಮ್ಮನ್ನ ಭಾಳ ನೆನಸ್ತಿರ್ತಾರ," ಅಂದು ಆ ಪುಣ್ಯಾತ್ಮ ನಮ್ಮವನ ಎದಿಗೆ ಎರಡು ಗುಂಡು ಹೊಡೆದ. ನಮ್ಮವ ಕೈ ಮುಗಿದು, ಬರ್ತೀನ್ರಿ ಅಂತ ಹೇಳಿ ಹೊರಗ ಬಂದ.

ನಾ ಬೈದೆ. ಹೊಡಿಯಾಕ ಏನಾಗಿತ್ತಲೇ ನಿನಗ ಅಂದೆ. ಅವ ಹೇಳಿದ, ಹೆಣ್ಣು ಕೊಟ್ಟವರು ನಾವು, ನಾ ಇವತ್ತ ಇಲ್ಲಿ ಹೊಡೆದ್ರ ನಾಳೆ ಅಕ್ಕನ ಅಲ್ಲಿ ಯಾರು ಕೇಳ್ತಾರ ಅಂತ. ವಿಚಾರ ಮಾಡಿ ನೋಡಿದ್ರ ಐದರಾಗ ನಾಕು ಮಂದೀದು ಅದ ಹಣೇಬರಹ. ಒಬ್ಬನ ಅಕ್ಕ, ಒಬ್ಬನ ತಂಗಿ, ಒಬ್ಬನ ಚಿಗವ್ವ, ಎಲ್ಲಾರ್ನೂ ಲಿಂಗಸುಗೂರಿಗೆ ಕೊಟ್ಟಾರ. ನಾಕು ಮಂದಿನೂ ಕ್ಷೇಮ ಕೇಳಿ, ಹೊಡಿಸ್ಕೊಂಡು, ನಮಸ್ಕಾರ ಮಾಡಿ ಬಂದ್ರು. ಕ್ಯಾಪ್ಟನ್ ಒಬ್ಬಾಕಿ ಐದು ಮಂದಿಗೆ ಎದುರಾಗಿ ಎಷ್ಟೊತ್ತು ನಿಂತಾಳು?

ನಾಕನೇದವನ್ನ ಬ್ಯಾರೇನ ಕೇಳಿದೆ, ನಿಮ್ಮ ಮನಿಯಿಂದ ಯಾರನ್ನ ಕೊಟ್ಟಾರ ಅಂತ. ಅವ ಹೇಳಿದ: "ಇನ್ನಾ ಕೊಟ್ಟಿಲ್ರಿ. ಮಾತುಕತಿ ನಡದೈತಿ."

ಮಸ್ಕಿಯಾಗ ಊಟ

ಆಗ ನನ್ನ ತಲಿ ಓಡ್ತು. ಮೂವತ್ತು ವರ್ಷ ಯಾರು ಯಾವ ಊರಾಗ ಹತ್ತಿ ಯಾರ ಮನಿಗೆ ಇಳೀತಾರ ಅಂತ ನೋಡೀನಿ. ಈ ಮೂರು ತಾಲೂಕಿನ ಬೀಗತನ ಎಲ್ಲಾ ನನ್ನ ತಲಿಯಾಗ ಐತಿ. ಹೆಣ್ಣು ಕೊಟ್ಟವರು ಹೊಡಿಯಾಕ ಅಂಜಿದ್ರ, ಹೆಣ್ಣು ತಂದವರು ಅಂಜಂಗಿಲ್ಲ ಅಲ್ಲ? ಮಸ್ಕಿಯಿಂದ ಹೆಣ್ಣು ತಂದ ಮನಿ ಹುಡುಗರು ನಾಕು ಮಂದಿನ್ನ ಆರಿಸಿದೆ. ಗನ್ನು ಹಿಡಿಯಾಕ ಬರ್ತೈತೇನು ಅಂತ ಪ್ರಿನ್ಸಿಪಾಲರು ಕೇಳಿದ್ರು. ಅದರ ಜರೂರತ್ತಿಲ್ಲ ಅಂದೆ. ತಮ್ಮ ಕಾಲೇಜಿನ ಸ್ಟಾಫನ್ನೂ ಹಂಗ ಆರಿಸಿದ್ರಿಂದ ಅವರು ಸುಮ್ಮನಾದ್ರು.

ಮಸ್ಕಿಯಾಗ ಇಳಿದ್ವಿ. ಗಂಡಿನ ಕಡಿಯವರು ಬಂದಾರ ಅಂತ ಸುದ್ದಿ ಹಬ್ಬಿತು. ನಾಕೂ ಮನಿಯವರು ಮೈದಾನಕ್ಕ ಬುತ್ತಿ ಹೊತ್ಕೊಂಡು ಬಂದ್ರು. ಬೀಗರನ್ನ ಉಣ್ಣಿಸದ ಹೆಂಗ ಆಡಿಸ್ತೀರಿ ಅಂತ ಅಂಪೈರ್‌ಗೇ ಬೈದ್ರು. ಹೋಳಿಗಿ ಮ್ಯಾಲ ತುಪ್ಪ, ತುಪ್ಪದ ಮ್ಯಾಲ ಹೋಳಿಗಿ. ಒಬ್ಬೊಬ್ಬ ಹದಿನೆಂಟು ತಿಂದ. ಸಾಕು ಅಂದ್ರ, ನಮ್ಮ ಮನಿ ಹೋಳಿಗಿ ರುಚಿ ಇಲ್ಲೇನು ಅಂತಾರ, ಮತ್ತೆರಡು ಬೀಳ್ತಾವ.

ಮ್ಯಾಚ್ ಸುರು ಆದ್ರ ನಮ್ಮವರಿಗೆ ಬಗ್ಗಾಕ ಬರವಲ್ದು. ಚೀಲದ ಹಿಂದ ಅಡಗಿ ಕುಂತ್ರ ಹೊಟ್ಟಿ ಹೊರಗ ಕಾಣಾಕತ್ತೈತಿ. ಕ್ಯಾಪ್ಟನ್ ಒಬ್ಬಾಕಿ ಉಂಡಿದ್ದಿಲ್ಲ, ಸಿಟ್ಟಿನಾಗ ಮೂರು ಮಂದಿನ್ನ ಔಟ್ ಮಾಡಿ ತಾನೂ ಔಟಾದಳು. ಮಸ್ಕಿಯವರು ಆರೇ ಗುಂಡಿನಾಗ ಮ್ಯಾಚ್ ಮುಗಿಸಿದ್ರು. ಐದು ನಮ್ಮವರನ್ನ ಔಟ್ ಮಾಡಾಕ. ಆರನೇದು, ಆಟ ಮುಗೀತು ಏಳು ಅಂತ ಒಬ್ಬವನ್ನ ಎಬ್ಬಿಸಾಕ.

ಸಿಂಧನೂರಿನಾಗ ಹೆಣ್ಣು ನೋಡಿದ್ದು

ಉಳಿದದ್ದು ಒಂದೇ ಮ್ಯಾಚು. ನಮ್ಮೂರಾಗ, ಮತ್ತ ಅದ ಲಿಂಗಸುಗೂರಿನವರ ಮ್ಯಾಲ. ಇದೂ ಹೋದ್ರ ಗನ್ನು ಗೊರೇಬಾಳಕ್ಕ, ಆ ಹುಡುಗಿ ಮತ್ತ ಚಪ್ಪಲಿ ಕಾಯಾಕ.

ಕ್ಯಾಪ್ಟನ್ ನನ್ನ ಮನಿಗೆ ಬಂದಳು. "ಅಜ್ಜಾರ, ಬೀಗತನ ಇದ್ದವರನ್ನ ಹುಡುಕಿದ್ದು ಸಾಕು. ಬೀಗರೇ ಇಲ್ಲದವರನ್ನ ಹುಡುಕ್ರಿ," ಅಂದಳು.

ಇಡೀ ಕಾಲೇಜಿನಾಗ ಲಿಂಗಸುಗೂರಿನ ಕಡೆ ಬೀಗರಿಲ್ಲದವರು ಐದು ಮಂದಿ ಸಿಗಬೇಕಾದ್ರ ನನಗ ನಾಕು ದಿನ ಹಿಡೀತು. ವಲಸಿ ಬಂದು ನೆಲಿ ನಿಂತವರ ಬಂಗಾಲಿ ಕ್ಯಾಂಪಿನ ಹುಡುಗ ಒಬ್ಬ, ಅವರ ಬೀಗರೆಲ್ಲಾ ಬಾಜೂ ಕ್ಯಾಂಪಿನಾಗ. ಆಂಧ್ರ ಕ್ಯಾಂಪಿನ ಹುಡುಗಿಯರು ಇಬ್ಬರು, ಅವರ ಬೀಗರೆಲ್ಲಾ ಹೊಳಿ ಆಚಿ. ನಾಕನೇದವ ಲಿಂಗಸುಗೂರಿನ ಹುಡುಗಿಯ ಮಗನ, ಆದ್ರ ಅವರಪ್ಪ ಅವ್ವ ಓಡಿ ಹೋಗಿ ಮದುವಿ ಆದವರು, ಎರಡೂ ಕಡಿಯವರು ಮಾತಾಡ್ಸಂಗಿಲ್ಲ. ಅಂಥ ಆಟಗಾರ ಸಿಗೋದು ಅಪರೂಪ. ಐದನೇದಾಕಿ ಕ್ಯಾಪ್ಟನ್.

ಮ್ಯಾಚಿನ ದಿನ ಹತ್ತು ಸಾವಿರ ಮಂದಿ ಸೇರಿದ್ರು. ಮನಿಯಾಕಿ ಇನ್ನೂರು ಅಂತಾಳ, ಆಕಿ ಆವತ್ತು ಬಂದೇ ಇದ್ದಿಲ್ಲ. ಸೀಟಿ ಊದಾಕ ಹತ್ತು ನಿಮಿಷ ಇರಬೇಕಾದ್ರ ಕ್ಯಾಪ್ಟನ್ ಹುಡುಗಿಯ ಅಪ್ಪ ಬೈಕಿನ ಮ್ಯಾಲ ಬಂದ. ಹಿಂದ ಒಂದು ಜೀಪು. ಜೀಪಿನಾಗ ಲಿಂಗಸುಗೂರಿನ ಹೆಣ್ಮಗಳು ಒಬ್ಬಾಕಿ, ಸಂಗಡ ನಾಕಾರು ಮಂದಿ. ಆಕಿ ಮಗನಂಗ ಸಾಕಿದ ತಂಗಿ ಮಗ ಎಂಕಾಂ ಓದಾಕತ್ತಾನ, ಲಿಂಗಸುಗೂರಿನ ಟೀಮಿನಾಗೂ ಅದಾನ. ಹುಡುಗ ಹೆಂಗೂ ಸಿಂಧನೂರಿಗೆ ಹೊಂಟಾನ, ಹೆಣ್ಣೂ ಅಲ್ಲೇ ಸಿಗತೈತಿ, ಎರಡು ಸಲ ಯಾಕ ಅಡ್ಡಾಡೋದು, ಇಲ್ಲೇ ನೋಡಿ ಮುಗಿಸೋಣು ಅಂತ ಬಂದಿದ್ರು.

ಅಪ್ಪ ಮಗಳನ್ನ ಬಾಜೂಕ ಕರೆದ. "ನೋಡವ್ವ, ಆ ಉದ್ದನ್ನ ಹುಡುಗಗ ಮಾತ್ರ ಹೊಡೀಬ್ಯಾಡ. ಬೀಗತನ ಕೆಡತೈತಿ."

"ಇನ್ನಾ ಬೀಗರಾಗಿಲ್ಲಲ್ಲಪ್ಪ."

"ಆಗಾಕತ್ತೀವಿ."

ಆಕಿ ಮಾಸ್ಕ್ ಹಾಕ್ಕೊಂಡು ಹ್ವಾದಳು.

ಬೀಗರಿಲ್ಲದವರ ಆಟ ನೋಡಬೇಕಿತ್ತು ನೀವು. ಅರಾಮದೀರಿ ಇಲ್ಲ, ಯಾವಾಗ ಬಂದ್ರಿ ಇಲ್ಲ, ಕಂಡಾಗ ಹೊಡೆದ್ರು. ಅವರೂ ಹೊಡೆದ್ರು. ಹತ್ತು ನಿಮಿಷದಾಗ ಅವರವರು ನಾಕು ಮಂದಿ ಹೊರಗ, ನಮ್ಮವರು ನಾಕು ಮಂದಿ ಹೊರಗ. ಉಳಿದವರು ಇಬ್ಬರು: ನಮ್ಮ ಕ್ಯಾಪ್ಟನ್, ಮತ್ತ ಆ ಉದ್ದನ್ನ ಹುಡುಗ. ಇಬ್ಬರೂ ಚೀಲದ ಹಿಂದ ಅಡಗ್ಯಾರ, ಯಾರು ಎಲ್ಲದಾರ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ.

ಹುಡುಗನ ದೊಡ್ಡವ್ವ ಮುಂದಿನ ಸಾಲಿನ ಕುರ್ಚಿಯಾಗ ಉಪ್ಪಿಟ್ಟಿನ ತಾಟು ಹಿಡ್ಕೊಂಡು ಕುಂತಿದ್ದಳು. ಬಂದ ಕೆಲಸ ಸುರು ಮಾಡಿದಳು. ಏನ್ ಓದೀಯವ್ವಾ ಅಂತ ಕೂಗಿ ಕೇಳಿದಳು. ಹೆಣ್ಣು ನೋಡಾಕ ಬಂದವರು ಕೇಳಿದ್ರ ಹೇಳ್ಬೇಕು, ಇಲ್ಲಾಂದ್ರ ಅಪ್ಪನ ಇಜ್ಜತ್ ಏನಾಗಬೇಕು? ಚೀಲದ ಹಿಂದಿಂದ ದನಿ ಬಂತು, ಬಿಕಾಂ ರೀ ಅಂತ. ದನಿ ಬಂದಲ್ಲಿಗೆ ಟಪ್ ಅಂತ ಹುಡುಗನ ಗುಂಡು ಬಿತ್ತು. ಆಕಿ ಹೊಟ್ಟಿ ಮ್ಯಾಲ ತೆವಳಕೋಂತ ಇನ್ನೊಂದು ಚೀಲಕ್ಕ ಹ್ವಾದಳು. ಅಡಗಿ ಬರತೈತೇನು ಅಂದಳು ದೊಡ್ಡವ್ವ. ಬರತೈತ್ರಿ. ಟಪ್. ರೊಟ್ಟಿ ತೆಳ್ಳಗ ಬಡೀತೀಯೇನು? ಬಡೀತೀನ್ರಿ. ಟಪ್, ಈ ಸಲ ತಲಿ ಮ್ಯಾಲಿಂದ ಒಂದು ಗೇಣು. ಇನ್ನೊಂದು ಸವಾಲು ಕೇಳಿದ್ರ ಹುಡುಗಿ ಕೆಲಸ ಮುಗೀತು.

ನನಗ ತಡಿಯಾಕಾಗಲಿಲ್ಲ. ಎದ್ದೆ. ಧೋತರ ಸರಿ ಮಾಡ್ಕೊಂಡೆ. ಹೆಣ್ಣಿನ ಕಡೆ ಹಿರ್ಯಾರಿಗೂ ಕೇಳೋ ಹಕ್ಕೈತಿ. ಬಸ್ಸಿನ ಹಿಂದಿನ ಸೀಟಿಗೆ ಮುಟ್ಟೋ ಹಂಗ ದನಿ ತೆಗೆದು ಕೇಳಿದೆ: "ತಮ್ಮಾ, ನಿಮ್ಮದು ಹೊಲ ಎಷ್ಟು? ನೀರಾವರಿ ಎಷ್ಟು?"

ಹುಡುಗ ಭಾಳ ಸಂಸ್ಕಾರವಂತ. ಹಿರೇರು ಕೇಳಿದಾಗ ಹೊಟ್ಟಿ ಮ್ಯಾಲ ಮಲಕ್ಕೊಂಡು ಯಾರಾದ್ರೂ ಹೇಳ್ತಾರೇನು? ಎದ್ದು ನಿಂತ. ಗನ್ನು ಬಗಲಾಗ ಇಟ್ಕೊಂಡ, ಎರಡೂ ಕೈ ಮುಗಿದ.

"ಹೊಲ ಎಂಟೆಕರೆ ರೀ, ಅದರಾಗ ನೀರಾವರಿ—"

ನೀರಾವರಿ ಎಷ್ಟು ಅಂತ ಇವತ್ತಿಗೂ ನನಗ ಗೊತ್ತಾಗಿಲ್ಲ. ಏಳು ಗುಂಡು ಬಿದ್ವು, ಹಣಿಯಿಂದ ಹೊಟ್ಟಿತನಾ ಒಂದೇ ಗೆರಿ.

ಲಿಂಗಸುಗೂರಿನವರು ಗದ್ಲ ಮಾಡಿದ್ರು, ಹೊರಗಿನವರು ಸಹಾಯ ಮಾಡ್ಯಾರ ಅಂತ. ಅಂಪೈರ್ ಮಸ್ಕಿಯ ಲೆಕ್ಚರರ್. ರೂಲ್ ಪುಸ್ತಕ ಎರಡು ಸಲ ತಿರುವಿದ್ರು. ಹೊಲ ಕೇಳಬಾರ್ದು ಅಂತ ಎಲ್ಲೂ ಬರ್ದಿಲ್ಲ, ರೊಟ್ಟಿ ಕೇಳಬಾರ್ದು ಅಂತಾನೂ ಬರ್ದಿಲ್ಲ, ಅದಕ್ಕ ಸಿಂಧನೂರು ಗೆದ್ದೈತಿ ಅಂದ್ರು. ಚೇರ್ಮನ್ನರು ಮೈಕು ಹಿಡಿದು ಗನ್ನು ಎಲ್ಲೂ ಹೋಗಂಗಿಲ್ಲ, ಟೀಮು ಕಾಯಂ, ಇದು ತಾವು ಹೊಡೆದ ಮೊದಲ್ನೇ ಗುಂಡಿನ ಪುಣ್ಯ ಅಂದ್ರು. ಪ್ರಿನ್ಸಿಪಾಲರು ಚಪ್ಪಾಳಿ ತಟ್ಟಿದ್ರು, ಜರಾ ದೂರ ನಿಂತು.

ಇತ್ತ ಹುಡುಗಿ ಅಪ್ಪ ದೊಡ್ಡವ್ವನ ಮುಂದ ಕೈ ಮುಗಿದು ನಿಂತಾನ, ತಪ್ಪಾತ್ರಿ, ಸಣ್ಣದು, ತಿಳಿಯಂಗಿಲ್ಲ ಅಂತ. ಹುಡುಗ ಬಾಜೂಕ ಕುರ್ಚಿಯಾಗ ಕಿತ್ತಳಿ ಬಣ್ಣ ಸೋರಿಸ್ಕೊಂತ ಕುಂತಾನ. ಕ್ಯಾಪ್ಟನ್ ಮಾಸ್ಕ್ ತೆಗೆದು ಬಂದಳು, ಮುಖ ತುಂಬ ಬೆವರು. ದೊಡ್ಡವ್ವ ಆಕಿನ್ನ ಮ್ಯಾಲಿಂದ ಕೆಳಗ ನೋಡಿದಳು. ಕೆಳಗ ಭಾಳ ದೂರ ಏನಿದ್ದಿಲ್ಲ.

"ಅದೆಲ್ಲಾ ಬಿಡವ್ವ," ಅಂದಳು. "ನಮ್ಮ ಹುಡುಗ ನಿನ್ನ ಮನಸ್ಸಿಗೆ ಬಂದಾನೋ ಇಲ್ಲೋ, ಅದನ್ನ ಹೇಳು."

ಹುಡುಗಿ ವಿಚಾರ ಮಾಡಿ ಹೇಳಿದಳು: "ಗುಂಡು ಬರೋ ಹೊತ್ತಿನಾಗ ಎದ್ದು ನಿಲ್ಲೋರನ್ನ ಕಟ್ಕೊಂಡು ನಾ ಏನ್ ಮಾಡ್ಲಿ ರೀ?"

ಅಪ್ಪ ಟವಲ್ಲು ಮುಖದ ಮ್ಯಾಲ ಹಾಕ್ಕೊಂಡ. ದೊಡ್ಡವ್ವನ ಕೈಯಾಗಿನ ಉಪ್ಪಿಟ್ಟು ಬಾಯಿತನಾ ಬಂದು ನಿಂತಿತು.

ಆಗ ಆ ಹುಡುಗ ಕಿವ್ಯಾಗಿನ ಬಣ್ಣ ತೆಕ್ಕೊಂಡ, ಕುರ್ಚಿಯಿಂದ ಎದ್ದು ನಿಂತ, ಎರಡೂ ಕೈ ಮುಗಿದು ಹೇಳಿದ:

"ಇನ್ನ ಮ್ಯಾಲ ಏನ ಕೇಳಿದ್ರೂ ಕುಂತ ಹೇಳ್ತೀನ್ರಿ."