ನಿಷಿದ್ಧ ಬಣ್ಣಗಳ ಕಾರಕೂನ

ಮಾನ್ಯ ಓದುಗರ ಸನ್ನಿಧಾನಕ್ಕೆ ಸವಿನಯ ಅರಿಕೆ. ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರಗಳು ಇಟ್ಟಲ್ಲಿ ನಿಲ್ಲುವುದಿಲ್ಲ. ಹ್ರಸ್ವ ದೀರ್ಘಗಳು ನನ್ನ ಕೈಯಲ್ಲಿ ಮನಬಂದಂತೆ ಕುಗ್ಗುತ್ತವೆ, ಹಿಗ್ಗುತ್ತವೆ. ಲೇಖನವೆಂಬುದನ್ನು ಬರೆಯುತ್ತಿರುವುದು ಇದೇ ಮೊದಲು. ಚಿಕ್ಕೋಡಿಯ ಕಚೇರಿಯ ಎದುರು ಬೇವಿನ ಮರದಡಿ ಅರ್ಜಿ ಬರೆದುಕೊಡುತ್ತಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ನಾನು ಬರವಣಿಗೆ ಕಲಿತವನಾದ್ದರಿಂದ, ನಡುನಡುವೆ ‘ಸದರಿ’, ‘ಮೇಲ್ಕಾಣಿಸಿದ’ ಮುಂತಾದ ಮಾತುಗಳು ಬಂದರೆ ದಯವಿಟ್ಟು ಮನ್ನಿಸಬೇಕು. ಅವಿಲ್ಲದೆ ನನಗೆ ಮನೆಗೆ ಉಪ್ಪು ತರಿಸಲೂ ಬರುವುದಿಲ್ಲ.

ವಿಷಯವೇನೆಂದರೆ, ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಬೋರಗಾಂವದ ಒಂದು ವಿದ್ಯುತ್ ಮಗ್ಗದ ಕಾರ್ಖಾನೆಯಲ್ಲಿ ಕಾರಕೂನನಾಗಿದ್ದೆ. ಮಾಲೀಕರನ್ನು ನಾವೆಲ್ಲ ದಾದಾ ಎನ್ನುತ್ತಿದ್ದೆವು. ಮಗ್ಗಗಳ ಹಿಂದೆಯೇ ನೂಲಿಗೆ ಬಣ್ಣ ಹಾಕುವ ಸಣ್ಣ ಮನೆಯಿತ್ತು. ಅದರ ಒಡೆತನ ದಾದಾರದ್ದಾದರೂ ಆಳ್ವಿಕೆ ಬೇಡಕಿಹಾಳದ ಗಣಪತಿ ಮೇಸ್ತ್ರಿಯದು. ನಮ್ಮ ಚೌಕಡಿ ಟವೆಲ್ಲುಗಳನ್ನು ಜರ್ಮನಿಗೆ ಕಳಿಸುತ್ತೇನೆಂದು ಮುಂಬೈಯ ವ್ಯಾಪಾರಿಯೊಬ್ಬ ಮುಂದೆ ಬಂದ. ಆದರೆ ಅಲ್ಲಿಯವರು ಮೈಗೆ ಕೇಡೆಂದು ಕೆಲವು ಬಣ್ಣಗಳನ್ನು ನಿಷೇಧಿಸಿದ್ದಾರೆ, ಅವುಗಳ ಪಟ್ಟಿ ಇಗೋ, ಮೊದಲು ನಮೂನೆ ಕಳಿಸಿರಿ, ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಮುಂದಿನ ಮಾತು ಎಂದ. ಪಾಸಾದರೆ ವರ್ಷವಿಡೀ ಕೆಲಸ. ನಪಾಸಾದರೆ ಬಣ್ಣದ ಮನೆಗೆ ಬೀಗ ಹಾಕಿ ಇಚಲಕರಂಜಿಯಿಂದ ಬಣ್ಣದ ನೂಲನ್ನೇ ಕೊಳ್ಳುವುದೆಂದು ದಾದಾ ತೀರ್ಮಾನಿಸಿದರು. ಅಂದರೆ ಮೇಸ್ತ್ರಿ ಮನೆಗೆ. ಸದರಿ ಪಟ್ಟಿಯ ಸಂಪೂರ್ಣ ಜವಾಬ್ದಾರಿ ಇಂಗ್ಲಿಷ್ ಓದಬಲ್ಲ ಏಕೈಕ ಪ್ರಾಣಿಯಾದ ನನಗೆ.

ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯವನ್ನು ದಾಖಲಿಸದಿದ್ದರೆ ಕರ್ತವ್ಯಲೋಪವಾದೀತು. ಒಂದೊಂದು ಹೆಸರೂ ಮಿರಜ ಪ್ಯಾಸೆಂಜರಿನಷ್ಟು ಉದ್ದ. ಎಂಜಿನ್ನು ತುಟಿ ದಾಟಿದರೂ ಕೊನೆಯ ಡಬ್ಬಿ ಇನ್ನೂ ಗಂಟಲಿನಲ್ಲೇ. ಈ ಬಗೆಯ ಬಣ್ಣಗಳನ್ನು ಕಂಡುಹಿಡಿದು, ಡಬ್ಬಿಗಳಲ್ಲಿ ತುಂಬಿ, ನಮ್ಮ ಹಿರಿಯರ ಗಿಡಮೂಲಿಕೆಯ ಬಣ್ಣಗಳನ್ನು ಗಟಾರಕ್ಕೆ ಚೆಲ್ಲಿಸಿದವರೂ ಆ ಸೀಮೆಯವರೇ ಎಂದು ಆಮೇಲೆ ತಿಳಿಯಿತು. ತಾವೇ ಬಡಿಸಿ, ಉಣ್ಣುವವನ ಕೈ ಹಿಡಿದು ‘ಥೂ, ಅದು ವಿಷ’ ಎನ್ನುವವರಿಗೆ ನಮ್ಮ ಕಡೆ ಬೇರೆಯೇ ಹೆಸರಿದೆ, ಅಚ್ಚಿನಲ್ಲಿ ಬರೆಯುವಂಥದ್ದಲ್ಲ. ಈ ವಿಷಯವಾಗಿ ತಿಳಿವಳಿಕೆ ನೀಡಲು ನಿಪ್ಪಾಣಿಗೆ ಒಬ್ಬ ತಜ್ಞರು ಬಂದಿದ್ದರು. ಕೆಂಪು ಬಣ್ಣದ ಅಪಾಯವನ್ನು ಕುರಿತು ಬಹಳ ಹೊತ್ತು ಮಾತನಾಡಿದರು. ಅವರ ಕೊರಳಿನಲ್ಲಿ ದಾಸವಾಳದಂಥ ಕೆಂಪು ಟೈ ಇತ್ತು. ಅದರ ಬಗ್ಗೆ ಯಾರೋ ಕೇಳಿದಾಗ, ಟೈ ರಫ್ತಿನ ಸರಕಲ್ಲವೆಂದು ಉತ್ತರಿಸಿದರು.

ಬಣ್ಣದ ಅಂಗಡಿಯವನ ವಿದ್ವತ್ತು ಇದಕ್ಕೂ ಮಿಗಿಲು. ನಿಷಿದ್ಧ ವಸ್ತು ಇಲ್ಲವೆಂಬ ಪ್ರಮಾಣಪತ್ರ ಬೇಕೆಂದು ನಾನು ಇಚಲಕರಂಜಿಯಲ್ಲಿ ಕೇಳಿದೆ.

“ಕೊಡೂಣಲ್ರಿ. ಯಾವ ಬಣ್ಣಕ್ಕ ಬೇಕು?”

“ಯಾವುದರೊಳಗ ನಿಷಿದ್ಧ ಇಲ್ಲ, ಅದಕ್ಕ.”

“ಎಲ್ಲಾದಕ್ಕೂ ಕೊಡ್ತೀನಿ ತಗೋರಿ. ಗಿರಾಕಿಗೆ ಇಲ್ಲ ಅನ್ನೂದು ನಮ್ಮ ಅಪ್ಪಗ ಗೊತ್ತಿದ್ದಿಲ್ಲ.” ಎಂದವನೇ ಠಸ್ಸೆ ತೆಗೆದು, ಪಕ್ಕದಲ್ಲಿದ್ದ ಸೀಮೆಎಣ್ಣೆಯ ಡಬ್ಬಿಗೂ ಒಂದು ಹೊಡೆದ.

ಪಟ್ಟಿಗೆ ಬೆರಗಾಗದವರೆಂದರೆ ದಾದಾ ಒಬ್ಬರೇ. ಅವರದು ಜೈನ ಮನೆತನ. “ಕಾರಕೂನ್ರ, ಇದರಾಗ ಹೊಸಾದೇನೈತಿ? ನಮ್ಮ ಆಯಿ ಪಟ್ಟಿ ಇದಕಿಂತ ಉದ್ದ ಐತಿ” ಎಂದರು. ನಿಜವೇ. ದಾದಾರ ತಾಯಿಯವರ ಅಡುಗೆಮನೆಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ, ಗಜ್ಜರಿಗಳು ಹೊಸ್ತಿಲು ದಾಟಿದ ದಾಖಲೆಯಿಲ್ಲ. ಹೊತ್ತು ಮುಳುಗಿದ ಮೇಲೆ ಅನ್ನವೂ ನಿಷಿದ್ಧ. ಆಯಿ ಪಟ್ಟಿಯ ವಿಷಯ ಕೇಳಿ, “ಅರಿವಿ ಬಟ್ಟಿಗೂ ಮಡಿ ಬಂತಂದಂಗಾತು. ಈಗರ ಶಾಣ್ಯಾ ಆದ್ರಲ್ಲ” ಎಂದು ಜರ್ಮನಿಯನ್ನು ಮೆಚ್ಚಿಕೊಂಡರು.

ನಾನು ಮಾತ್ರ ಮೈಯೆಲ್ಲ ಕಣ್ಣಾದೆ. ಪಟ್ಟಿಯನ್ನು ಕನ್ನಡಕ್ಕೆ ಇಳಿಸಿ ಬಣ್ಣದ ಮನೆಯ ಬಾಗಿಲಿಗೆ ಅಂಟಿಸಿದೆ. ಮೇಸ್ತ್ರಿಗೆ ದಿನವೂ ಲಿಖಿತ ಆದೇಶ: ‘ಸದರಿ ಮೇಸ್ತ್ರಿಯವರು ಕೆಂಪು ಡಬ್ಬಿಯನ್ನು ಮುಟ್ಟತಕ್ಕದ್ದಲ್ಲ.’ ಮೇಸ್ತ್ರಿ ಅದನ್ನು ಓದಿ, ಮಡಚಿ, ತಂಬಾಕಿನ ಸುಣ್ಣ ಒರೆಸಿಕೊಳ್ಳುತ್ತಿದ್ದ. “ಕೆಂಪ ಡಬ್ಬಿ ಆಗಳೇ ಹೊರಗ ಒಗದೇನ್ರಿ. ಬರೇ ನೀಲಿ ನಡದೈತಿ. ನೀವ ಬಂದ ಬಂದ ಇಣುಕಿದ್ರ ನೂಲ ಹೆದರಿ ಬೆಳ್ಳಗಾಗತೈತಿ ನೋಡ್ರಿ” ಎನ್ನುತ್ತಿದ್ದ. ಇಂಥ ಉಡಾಫೆಯ ಮನುಷ್ಯನ ಕೈಯಲ್ಲಿ ಜರ್ಮನಿಯ ಆರೋಗ್ಯವಿದೆಯಲ್ಲ ಎಂದು ನನಗೆ ಮರುಕವಾಗುತ್ತಿತ್ತು.

ಅಂತೂ ನೀಲಿ ಬಿಳಿ ಚೌಕಡಿಯ ನಮೂನೆ ಸಿದ್ಧವಾಯಿತು. ಹೊಸ ಗಿರಾಕಿಗೆ ಹೋಗುವ ಮೊದಲ ಬಟ್ಟೆಯ ಮೂಲೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಕಳಿಸುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಕುಂಕುಮ ಆಯಿಯವರದೇ ಆಗಬೇಕು. ಅರಿಶಿನಕ್ಕೆ ಬಿಳಿಗಾರ ಬೆರೆಸಿ, ಲಿಂಬೆ ಹಿಂಡಿ ಅವರು ಮನೆಯಲ್ಲೇ ಮಾಡುತ್ತಿದ್ದರು. ಅಂದು ಅವರು ಬಸದಿಗೆ ಹೊರಟು ನಿಂತಿದ್ದರು. “ಥೋಡೆ ತಡಿಯಪ್ಪಾ, ಬಂದ ಕೊಡ್ತೀನಿ” ಎಂದರು. ಪೋಸ್ಟಿನ ಹೊತ್ತು ಮೀರುವುದೆಂದು ನಾನು ಕಾಯಲಿಲ್ಲ. ನಿಪ್ಪಾಣಿಯ ಸಂತೆಯಲ್ಲಿ ಕೊಂಡ ಪೊಟ್ಟಣ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಬಣ್ಣವಂತೂ ಆಯಿಯವರದಕ್ಕಿಂತ ಸೊಗಸು. ಧಾರಾಳವಾಗಿ ಹಚ್ಚಿ, ಪಾರ್ಸಲ್ ಹೊಲಿಸಿ ಕಳಿಸಿಕೊಟ್ಟೆ.

ಕೆಲವು ವಾರಗಳ ಮೇಲೆ ಮುಂಬೈಯಿಂದ ಲಕೋಟೆ ಬಂತು. ನಮೂನೆ ನಪಾಸು. ನಿಷಿದ್ಧ ಕೆಂಪು ಬಣ್ಣ ಪತ್ತೆಯಾಗಿದೆ. ನಾನು ಮೊದಲ ಪುಟವನ್ನಷ್ಟೇ ಓದಿ ಲೇಖನಿ ಕೈಗೆತ್ತಿಕೊಂಡೆ. ‘ಪದೇ ಪದೇ ಎಚ್ಚರಿಸಿದಾಗ್ಯೂ ಸದರಿ ಮೇಸ್ತ್ರಿಯವರು ಉದ್ದೇಶಪೂರ್ವಕವಾಗಿ’ ಎಂದು ಮೊದಲಾಗುವ ಆ ನೋಟಿಸಿನಷ್ಟು ಸುಂದರವಾದದ್ದನ್ನು ನಾನು ಮುಂದೆಂದೂ ಬರೆಯಲಾಗಲಿಲ್ಲ. ದಾದಾರ ಎದುರಿನಲ್ಲೇ ಮೇಸ್ತ್ರಿಯನ್ನು ಕರೆಸಿ ಗಟ್ಟಿಯಾಗಿ ಓದಿದೆ.

ಮೇಸ್ತ್ರಿ ನೀಲಿಯಾಗಿದ್ದ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟ. “ದಾದಾ, ಈ ಕೈಯಾಗ ಕೆಂಪ ಎಲ್ಲೈತಿ ನೋಡ್ರಿ. ಮಗಳ ಲಗ್ನ ಮುಂದೈತಿ, ನಾ ಯಾಕ ನನ್ನ ಅನ್ನಕ್ಕ ಮಣ್ಣ ಹಾಕ್ಕೊಳ್ಳಿ?”

ದಾದಾ ಬಣ್ಣದ ಮನೆಯ ಕೀಲಿಯನ್ನು ಮೇಜಿನ ಮೇಲೆ ತಿರುಗಿಸುತ್ತ ಕುಳಿತರು. ಅಷ್ಟರಲ್ಲಿ ಮಜ್ಜಿಗೆ ತಂದ ಆಯಿ, ಲಕೋಟೆಯಿಂದ ಇಣುಕುತ್ತಿದ್ದ ನಮೂನೆಯ ತುಂಡನ್ನು ಎಳೆದರು. ಅದರ ಒಂದು ಮೂಲೆಯ ಕೆಂಪು ಕಲೆಗೆ ಪರೀಕ್ಷೆಯವರು ಪೆನ್ನಿನಿಂದ ಸುತ್ತು ಹಾಕಿದ್ದರು. ಆಯಿ ಬೆರಳು ಒದ್ದೆ ಮಾಡಿ ತಿಕ್ಕಿದರು, ಬೆರಳು ಕೆಂಪಾಯಿತು.

“ಇದ ನಮ್ಮನಿ ಕುಂಕುಮ ಅಲ್ಲ. ಸಂತಿ ಮಾಲು, ಡಬ್ಬಿ ಬಣ್ಣ ಕಲಸಿದ್ದು. ಯಾಂವ ಹಚ್ಚಿದಾಂವ?”

ಕೋಣೆಯಲ್ಲಿದ್ದವರೆಲ್ಲ ನನ್ನ ಹಣೆಯನ್ನೇ ನೋಡಿದರು. ಅಲ್ಲಿ ಅದೇ ಪೊಟ್ಟಣದ ಸೊಗಸಾದ ಕುಂಕುಮ ದುಂಡಗೆ ಕುಳಿತಿತ್ತು. ವರದಿಯ ಎರಡನೆಯ ಪುಟದಲ್ಲಿ ಇದೇ ಸಂಗತಿ ಸ್ಪಷ್ಟವಾಗಿತ್ತು: ನೀಲಿ ನಿರ್ದೋಷಿ, ದೋಷ ಮೂಲೆಯ ಕಲೆಯದು.

“ಕಾರಕೂನ್ರ, ಆ ನೋಟಿಸ ಇನ್ನೊಮ್ಮಿ ಓದ್ರೆಲಾ” ಎಂದ ಮೇಸ್ತ್ರಿ. “ಭಾಳ ಚಂದ ಬರದೀರಿ. ಹೆಸರಷ್ಟ ಬದಲ ಮಾಡ್ರಿ.”

ದಾದಾ ಕೀಲಿಯನ್ನು ಮೇಸ್ತ್ರಿಯ ಕಡೆಗೆ ಸರಿಸಿದರು. ನಾನು ವ್ಯಾಪಾರಿಗೆ ‘ಸದರಿ ಕೆಂಪು ಬಣ್ಣವು ದೇವರದ್ದಾಗಿದ್ದು ಸರಕಿನದ್ದಲ್ಲವೆಂದು ತಮ್ಮ ಅವಗಾಹನೆಗೆ ತರಲಾಗಿದೆ’ ಎಂದು ಬರೆದೆ. ‘ಮುಂದಿನ ನಮೂನೆಯನ್ನು ದೇವರಿಲ್ಲದೆ ಕಳಿಸಿರಿ’ ಎಂದು ಉತ್ತರ ಬಂತು. ಹಾಗೆಯೇ ಕಳಿಸಿದೆವು, ಪಾಸಾಯಿತು, ಮಗ್ಗಗಳು ಓಡಿದವು, ಮೇಸ್ತ್ರಿಯ ಮಗಳ ಲಗ್ನದಲ್ಲಿ ನಾನೂ ಉಂಡೆ. ಆದರೆ ಬಾಗಿಲ ಮೇಲಿನ ಪಟ್ಟಿಯ ತಳದಲ್ಲಿ ದಾದಾರ ಅಪ್ಪಣೆಯಂತೆ ನನ್ನ ಕೈಯಿಂದಲೇ ಒಂದು ಸಾಲು ಸೇರಿತು: ‘ಕಾರಕೂನರು ಪ್ಯಾಕಿಂಗ್ ಖೋಲಿಗೆ ಬರತಕ್ಕದ್ದಲ್ಲ.’ ಪಟ್ಟಿಯಲ್ಲಿ ಎಲ್ಲರಿಗೂ ಉಚ್ಚರಿಸಲು ಬರುತ್ತಿದ್ದ ನಿಷಿದ್ಧ ವಸ್ತು ಅದೊಂದೇ. ಜರ್ಮನಿಯವರಿಗೆ ಟವೆಲ್ಲಿನ ಮೂಲೆಯಲ್ಲಿ ಬೇಡವಾದದ್ದನ್ನು ನಾನು ವರ್ಷಗಟ್ಟಲೆ ಹಣೆಯ ನಡುವೆ ಹೊತ್ತು ತಿರುಗಿದ್ದೆ. ನನ್ನನ್ನು ರಫ್ತು ಮಾಡುವವರು ಯಾರೂ ಇಲ್ಲದ್ದರಿಂದ ಪರೀಕ್ಷಿಸಿದವರೂ ಇಲ್ಲ.

ಕೊನೆಯದಾಗಿ ಒಂದು ಬಿನ್ನಹ. ಮೇಲ್ಕಾಣಿಸಿದ ಬರಹದಲ್ಲಿ ಕಂಡುಬರುವ ತಪ್ಪುಗಳನ್ನೆಲ್ಲ ಓದುಗರು ದೊಡ್ಡ ಮನಸ್ಸಿನಿಂದ ತಿದ್ದಿಕೊಳ್ಳಬೇಕು. ತಿದ್ದಲು ಕೆಂಪು ಶಾಯಿ ಮಾತ್ರ ಬೇಡ, ನೀಲಿಯೇ ಇರಲಿ.